ಬೀಗರ ಇಟಲಿ, ವಿಜಿಯವರ ಅರಿಶಿನ

ವಿಜಿಯವರು ಮಾತಾಡಿಸುವಾಗ ತೋಳು ಹಿಡಿಯುತ್ತಾರೆ. ಎಷ್ಟು ಪ್ರೀತಿಯ ಹೆಂಗಸು ಎಂದು ಹೊಸಬರು ಕರಗಿಹೋಗುತ್ತಾರೆ. ಹಳಬರಾದ ನಮಗೆ ಗೊತ್ತು, ಆ ಹೊತ್ತಿಗೆ ಅವರ ಹೆಬ್ಬೆರಳು ತೋರುಬೆರಳುಗಳ ನಡುವೆ ಸಿಕ್ಕಿರುವುದು ನಮ್ಮ ಅಂಗಿಯ ಬಟ್ಟೆ. ಕ್ಷೇಮಸಮಾಚಾರ ಮುಗಿಯುವಷ್ಟರಲ್ಲಿ ಅದರಲ್ಲಿ ಹತ್ತಿ ಎಷ್ಟು, ಪಾಲಿಯೆಸ್ಟರ್ ಎಷ್ಟು, ನಾವು ಮೋಸಹೋಗಿರುವುದು ಎಷ್ಟು ಎಂಬುದೆಲ್ಲ ಅವರಿಗೆ ತಿಳಿದುಹೋಗಿರುತ್ತದೆ.

ನಾನು ನ್ಯೂಯಾರ್ಕಿನ ಫ್ಲೋರಲ್ ಪಾರ್ಕಿನ ಹಿಲ್‌ಸೈಡ್ ಅವೆನ್ಯೂದಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡವನು. ಮದುವೆ ಸೂಟು, ಶೇರ್ವಾನಿ, ಶಾಲು ನನ್ನ ವ್ಯಾಪಾರ. ನನ್ನಂಥವರಿಗೆ ಇಂಥ ಬೆರಳೇ ಒಳ್ಳೆಯ ಸುದ್ದಿಯಲ್ಲ. ಆ ಬೆರಳಿಗೆ ಒಂದು ಬ್ಲಾಗು ಕೂಡ ಇದೆ ಎನ್ನುವುದು ಇನ್ನೂ ಕೆಟ್ಟ ಸುದ್ದಿ.

ವಿಜಿಯವರು ಮೈಸೂರಿನವರು. ಪಿಸ್ಕಾಟವೇಯ ಒಂದು ಟೆಲಿಕಾಂ ಕಂಪನಿಯಲ್ಲಿ ಟೆಸ್ಟಿಂಗ್ ವಿಭಾಗದಲ್ಲಿದ್ದರು. ಇನ್ನೊಬ್ಬರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು ಅವರ ಕೆಲಸ. ಆಫೀಸು ಟೆಕ್ಸಸ್ಸಿಗೆ ಹೋಯಿತು, ವಿಜಿಯವರು ಹೋಗಲಿಲ್ಲ. ಸಂಬಳ ನಿಂತಿತು, ತಪ್ಪು ಹುಡುಕುವುದು ನಿಲ್ಲಲಿಲ್ಲ. ಅಲ್ಲಿಯವರೆಗೆ ಅದರ ಫಲ ಉಂಡವರು ಕಂಪನಿಯವರು. ಆಮೇಲೆ ಗಂಡ ನಂಜುಂಡಸ್ವಾಮಿಯವರು. ಅವರ ಪುಣ್ಯ, ಒಂದು ಬೇಸಿಗೆಯಲ್ಲಿ ಇಬ್ಬರೂ ಇಟಲಿಗೆ ಟೂರ್ ಹೋದರು.

ಅಡಿಗೆಯವನನ್ನೂ ಪುಳಿಯೋಗರೆ ಗೊಜ್ಜನ್ನೂ ಜೊತೆಗೆ ಕಟ್ಟಿಕೊಂಡು ಹೋಗುವ ಟೂರದು. ಮಿಲಾನಿನಲ್ಲಿ ಎಲ್ಲರೂ ದೊಡ್ಡ ಚರ್ಚಿನ ಮುಂದೆ ಫೋಟೋ ತೆಗೆಸಿಕೊಳ್ಳುತ್ತಿದ್ದಾಗ ವಿಜಿಯವರು ಒಬ್ಬರೇ ರೈಲು ಹತ್ತಿ ಬಿಯೆಲ್ಲಾ ಎಂಬ ಊರಿಗೆ ಹೋಗಿಬಿಟ್ಟರು. ಉಣ್ಣೆ ಬಟ್ಟೆಗೆ ಹೆಸರಾದ ಊರು. ಅಲ್ಲಿನ ಮಿಲ್ಲಿನಲ್ಲಿ ನೇಯ್ದು ಮುಗಿದ ಬಟ್ಟೆಯನ್ನು ಬೆಳಕಿಗೆ ಹಿಡಿದು, ಕಣ್ಣಿಗೆ ಕಾಣದಂಥ ಎಳೆತಪ್ಪನ್ನು ಬೆರಳಿನಿಂದ ಹುಡುಕಿ, ಸೂಜಿಯಿಂದ ಸರಿಮಾಡುವ ಹೆಂಗಸರಿದ್ದಾರೆ. ಅದೇ ಅವರ ಉದ್ಯೋಗ. ವಿಜಿಯವರಿಗೆ ತಮ್ಮ ಕುಲದವರು ಸಿಕ್ಕಂತಾಯಿತು. ಒಬ್ಬಾಕೆ ಇವರನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ಅವಳಿಗೆ ಇವರ ಭಾಷೆ ಬಾರದು, ಇವರಿಗೆ ಅವಳದ್ದು ಬಾರದು. ಅವಳು ಇವರ ಬೆರಳನ್ನು ಹಿಡಿದು ಒಂದು ತಪ್ಪಿನ ಮೇಲೆ ಇಟ್ಟಳಂತೆ; ಮುಂದಿನ ತಪ್ಪನ್ನು ಇವರೇ ಹುಡುಕಿದರಂತೆ. ಇದು ವಿಜಿಯವರು ಹೇಳುವ ಮಾತು. ಸಾಕ್ಷಿ ಹೇಳಬೇಕಾದವಳು ಇಟಲಿಯಲ್ಲಿದ್ದಾಳೆ.

ವಾಪಸು ಬಂದವರೇ ಆ ಊರಿನ ಬಗ್ಗೆ ಒಂದು ಲೇಖನ ಬರೆದು ಕನ್ನಡ ಸಂಘವೊಂದರ ಸ್ಮರಣ ಸಂಚಿಕೆಗೆ ಕೊಟ್ಟರು. ಬೆಟ್ಟದಿಂದಿಳಿಯುವ ಮೆತ್ತನೆಯ ನೀರಿನಲ್ಲಿ ತೊಳೆದು ತೊಳೆದು ಅಲ್ಲಿನವರು ಬಟ್ಟೆಗೆ ಆ ನಯ ತರುತ್ತಾರೆ ಎಂದು ಚೆನ್ನಾಗಿಯೇ ಬರೆದಿದ್ದರು. ಕೊನೆಯಲ್ಲಿ ಮಾತ್ರ, ನಮ್ಮ ಕಡೆಯ ಅಂಗಡಿಗಳಲ್ಲಿ ಇಟಲಿಯದ್ದೆಂದು ಮಾರುವ ಬಟ್ಟೆಯಲ್ಲಿ ಬಹುಪಾಲು ಆ ನೀರನ್ನು ಕಂಡೇ ಇಲ್ಲ ಎಂದು ಒಂದು ಸಾಲು ಸೇರಿಸಿದ್ದರು. ಸಂಚಿಕೆ ಅಚ್ಚಾಗಿ ಬಂದಾಗ ನೀರು ಇತ್ತು, ಆ ಸಾಲು ಇರಲಿಲ್ಲ. ಹಿಂದಿನ ಪುಟದಲ್ಲಿ ಒಂದು ಬಟ್ಟೆ ಅಂಗಡಿಯ ಜಾಹೀರಾತು ಇತ್ತು. (ನನ್ನದಲ್ಲ. ನಾನು ಅಷ್ಟು ದುಡ್ಡು ಸ್ಮರಣೆಗೆ ಖರ್ಚು ಮಾಡುವವನಲ್ಲ.)

ಆ ವಾರವೇ ಬ್ಲಾಗು ಹುಟ್ಟಿತು. ಹೆಸರು ‘ಮುಟ್ಟಿ ನೋಡಿ’. ಜಾಹೀರಾತು ತೆಗೆದುಕೊಳ್ಳುವುದಿಲ್ಲ, ಉಡುಗೊರೆ ತೆಗೆದುಕೊಳ್ಳುವುದಿಲ್ಲ, ಪ್ರಕಟವಾಗುವ ಮುಂಚೆ ಯಾರಿಗೂ ತೋರಿಸುವುದಿಲ್ಲ.

“ಒಂದ್ಸಲ ನಂಗಾದ್ರೂ ತೋರ್ಸು ವಿಜಿ,” ಎಂದರಂತೆ ನಂಜುಂಡಸ್ವಾಮಿ.

“ನೀವು ನೋಡಿ ‘ಇದು ಬೇಡ’ ಅಂತೀರ. ಅದಕ್ಕೆ ಸಂಘದೋರೇ ಇದ್ರಲ್ಲ.”

ಉಡುಗೊರೆಯ ವಿಷಯ ನಾನು ಪರೀಕ್ಷೆ ಮಾಡಿ ನೋಡಿದ್ದೇನೆ. ಒಮ್ಮೆ ಒಂದು ಒಳ್ಳೆಯ ಉಣ್ಣೆ ಶಾಲನ್ನು, ಸುಮ್ಮನೆ ಸ್ನೇಹಕ್ಕೆಂದು, ಅವರಿಗೆ ಕಳಿಸಿಕೊಟ್ಟೆ. ಅದು ಹೋದ ದಾರಿಯಲ್ಲೇ ತಿರುಗಿ ಬಂತು. ಜೊತೆಗೆ ಬ್ಲಾಗಿನಲ್ಲಿ ನನ್ನ ಅಂಗಡಿಯ ಹೆಸರು ಹಾಕಿ ಬರೆದರು: “ಶಾಲು ಚೆನ್ನಾಗಿದೆ. ಕಳಿಸಿದ್ದು ಚೆನ್ನಾಗಿಲ್ಲ.” ಆ ವಾರ ನನ್ನಲ್ಲಿದ್ದ ಅಷ್ಟೂ ಶಾಲು ಖರ್ಚಾಯಿತು. ಜನ ಮೊದಲನೆಯ ವಾಕ್ಯವನ್ನಷ್ಟೇ ಓದಿದ್ದರು. ಅಂದಿನಿಂದ ಅವರ ಸ್ವಾತಂತ್ರ್ಯದ ಬಗ್ಗೆ ನನಗೆ ಅಪಾರ ಗೌರವ.

ಹೀಗಿರುವಾಗ ಅವರ ಮಗ ವೇದ್‌ಗೆ ಮದುವೆ ಗೊತ್ತಾಯಿತು. ಹುಡುಗಿ ತಾನ್ಯಾ, ಕಾಲೇಜಿನಲ್ಲಿ ಜೊತೆಗೆ ಓದಿದವಳು. ಹುಡುಗಿಯ ತಂದೆ ಅಮರೇಶ್ವರ ರಾಯಚೂರಿನ ಕಡೆಯವರು. ರಾಬಿನ್ಸ್‌ವಿಲ್‌ನಲ್ಲಿ, ಅಲ್ಲಿನ ದೊಡ್ಡ ದೇವಸ್ಥಾನದಿಂದ ಸ್ವಲ್ಪವೇ ದೂರದಲ್ಲಿ, ಅವರದೊಂದು ದೊಡ್ಡ ಗೋದಾಮಿದೆ. ಮುಂಭಾಗದಲ್ಲಿ ಶೋರೂಮು, ಅದರ ಮೇಲೆ ‘ಇಟಾಲಿಯನ್ ಫೈನ್ ಸೂಟಿಂಗ್ಸ್’ ಎಂದು ದೂರದಿಂದಲೇ ಕಾಣುವ ಬೋರ್ಡು. ದರ್ಶನ ಮುಗಿಸಿ ಬಂದವರು ಸೂಟು ಕೊಂಡು ಹೋಗುತ್ತಾರೆ. ಆ ಜಾಗವನ್ನು ಆರಿಸಿದ ಬುದ್ಧಿಗೆ, ಪ್ರತಿಸ್ಪರ್ಧಿಯಾದರೂ, ನಾನು ಕೈಮುಗಿಯುತ್ತೇನೆ.

ಬೀಗರ ಮನೆಗೆ ಬಟ್ಟೆ ಕೊಡುವ ಶಾಸ್ತ್ರಕ್ಕೆ ಅಮರೇಶ್ವರ ತಮ್ಮ ಅಂಗಡಿಯ ಅತಿ ಒಳ್ಳೆಯದೆಂದು ಹೇಳಿ ಅಳಿಯನಿಗೊಂದು, ಬೀಗರಿಗೊಂದು ಸೂಟು ತಂದುಕೊಟ್ಟರು. ಕಾಲರಿನ ಒಳಗೆ ಇಟಲಿಯ ಹೆಸರು, ಚಿನ್ನದ ಬಣ್ಣದ ದಾರದಲ್ಲಿ. ವಿಜಿಯವರು ಬೀಗರೆದುರಿಗೆ ಬಟ್ಟೆ ಮುಟ್ಟಿ ನೋಡಲಿಲ್ಲ. ಅದು ಅವರ ಜೀವನದ ಅತ್ಯಂತ ಕಠಿಣ ಉಪವಾಸ ಎಂದು ನಂಜುಂಡಸ್ವಾಮಿಯವರು ಆಮೇಲೆ ನನಗೆ ಹೇಳಿದರು.

ಆದರೆ ಹೊಸ ಬಟ್ಟೆಯ ಮೂಲೆಗೆ ಅರಿಶಿನ ಮುಟ್ಟಿಸದೆ ಮೈಮೇಲೆ ಹಾಕುವಂತಿಲ್ಲವಲ್ಲ. ಅಮೆರಿಕಕ್ಕೆ ಬಂದು ಎಷ್ಟು ವರ್ಷವಾದರೂ ನಮ್ಮ ಮನೆಗಳಲ್ಲಿ ಸ್ನೋ ಜಾಕೆಟ್ಟಿಗೂ ಒಳಗಡೆ ಎಲ್ಲೋ ಒಂದು ಹಳದಿ ಚುಕ್ಕೆ ಇರುತ್ತದೆ. ವಿಜಿಯವರು ಹಿಂದೊಮ್ಮೆ ಗಂಡನ ಅಪ್ಪಟ ಉಣ್ಣೆ ಕೋಟಿಗೆ ಧಾರಾಳವಾಗಿ ಅರಿಶಿನ ಹಚ್ಚಿದ್ದರು, ಅದು ಡ್ರೈ ಕ್ಲೀನಿಂಗಿಗೂ ಬಗ್ಗದೆ ಉಳಿದಿತ್ತು. ಉಣ್ಣೆ ಅರಿಶಿನವನ್ನು ಹಿಡಿದರೆ ಬಿಡುವುದಿಲ್ಲ. ಹಾಗಾಗಿ ಈ ಸಲ ಒಳಮಡಿಕೆಯಲ್ಲಿ ಜಾಗ್ರತೆಯಾಗಿ ಹಚ್ಚಿದರು. ಆದರೂ ಅರಿಶಿನ ನೀರಾಗಿತ್ತು, ಹರಡಿತು. ಅಯ್ಯೋ ದೇವರೇ ಎಂದು ಒದ್ದೆ ಬಟ್ಟೆ ತಂದು ಒರೆಸಿದರು. ಕಲೆ ಪೂರ್ತಿ ಹೋಯಿತು. ಬೇರೆ ಯಾವ ತಾಯಿಯಾದರೂ ನಿಟ್ಟುಸಿರು ಬಿಟ್ಟು ಕಾಫಿಗೆ ಇಡುತ್ತಿದ್ದಳು. ವಿಜಿಯವರು ಎದೆ ಹಿಡಿದುಕೊಂಡು ಕುರ್ಚಿಯಲ್ಲಿ ಕೂತರು. ಆಮೇಲೆ ಬೆರಳಿಗೆ ಉಪವಾಸ ಬಿಡಿಸಿದರು. ಬೆರಳು ಕೂಡ ಅದನ್ನೇ ಹೇಳಿತು, ಉಣ್ಣೆಯ ವೇಷ ಹಾಕಿದ ಪಾಲಿಯೆಸ್ಟರ್.

ಮದುವೆಯ ಬಟ್ಟೆಗಳ ಬಗ್ಗೆ ಬರೆಯುತ್ತೇನೆಂದು ಬ್ಲಾಗಿನಲ್ಲಿ ಮೊದಲೇ ಮಾತು ಕೊಟ್ಟಾಗಿತ್ತು. ಊರಿನವರ ಬಟ್ಟೆಯ ಬಗ್ಗೆ ಬರೆದು ಬೀಗರದ್ದು ಬಂದಾಗ ಸುಮ್ಮನಿರುವುದು ಹೇಗೆ? ಬರೆದರು. ಅರಿಶಿನದ ಕಥೆಯನ್ನು ಪೂರ್ತಿ ಹೇಳಿ, ಕೊನೆಗೆ ಬಿಸಿಯಲ್ಲಿ ಒಂದು ವಾಕ್ಯ ಜಾಸ್ತಿ ಬರೆದರು: “ನಮ್ಮ ಬೀಗರ ಗೋದಾಮಿನಲ್ಲಿ ಇಟಲಿ ಇರುವುದು ಬೋರ್ಡಿನ ಮೇಲೆ ಮಾತ್ರ.”

ನಂಜುಂಡಸ್ವಾಮಿಯವರು ನ್ಯೂಯಾರ್ಕಿನಿಂದ ರೈಲಿನಲ್ಲಿ ಮನೆಗೆ ಬರುತ್ತಿದ್ದಾಗ ಅದನ್ನು ವಾಟ್ಸಾಪಿನಲ್ಲಿ ಓದಿದರು. ಓದುತ್ತಾ ತಮ್ಮ ಸ್ಟೇಷನ್ನು ದಾಟಿ ಮುಂದಿನದರಲ್ಲಿ ಇಳಿದರು. ಅಮರೇಶ್ವರರ ಫೋನು ಅವರಿಗಿಂತ ಮೊದಲೇ ಮನೆ ತಲುಪಿತ್ತು.

“ಅಕ್ಕಾರ, ಅದನ್ನ ತಗೀರಿ. ತಗಿಲಿಲ್ಲ ಅಂದ್ರ ನಾ ಮದುವಿಗೆ ಬರಂಗಿಲ್ಲ. ಧಾರೆ ಯಾರ್ ಎರಿತಾರ ಎರಿಲಿ.”

“ಅಮ್ಮಾ, ಆರ್ ಯೂ ಸೀರಿಯಸ್?” ಎಂದ ವೇದ್. “ಜಸ್ಟ್ ಡಿಲೀಟ್ ಇಟ್. ಇಟ್ಸ್ ಎ ಬ್ಲಾಗ್!”

“ಡಿಲೀಟ್ ಮಾಡಿದ್ರೆ ಅದು ಸ್ಮರಣ ಸಂಚಿಕೆ ಆಗುತ್ತೆ,” ಎಂದರು ವಿಜಿ. ಅಷ್ಟು ಹೇಳಿದರೂ ಆ ರಾತ್ರಿ ಅವರು ಊಟ ಮಾಡಲಿಲ್ಲವೆಂದು ಕೇಳಿದ್ದೇನೆ. ಹುಡುಗಿಯ ಅಪ್ಪ ಇಲ್ಲದೆ ಹುಡುಗಿಯ ಮದುವೆ! ತಾನ್ಯಾ ಅಳುತ್ತಿದ್ದಾಳೆಂದು ವೇದ್ ಹೇಳಿದಾಗ ವಿಜಿಯವರೂ ಅತ್ತರು. ಆದರೆ ಡಿಲೀಟ್ ಮಾಡಲಿಲ್ಲ.

ಅಮರೇಶ್ವರ ಕೊನೆಗೆ ಒಂದು ಸವಾಲು ಹಾಕಿದರು. ಗೋದಾಮನ್ನು ನೋಡದೆ ಗೋದಾಮಿನ ಬಗ್ಗೆ ಬರೆದಿದ್ದೀರಿ, ಬಂದು ನೋಡಿ. ನಂಜುಂಡಸ್ವಾಮಿಯವರು ನನಗೆ ಫೋನ್ ಮಾಡಿ, “ನೀವೂ ಬನ್ನಿ ಸಾರ್, ಬಟ್ಟೆ ಗೊತ್ತಿರೋರು ಮಧ್ಯ ಒಬ್ರು ಇರ್ಲಿ,” ಎಂದು ಅಂಗಲಾಚಿದರು. ಪ್ರತಿಸ್ಪರ್ಧಿಯ ಗೋದಾಮಿನ ಒಳಗೆ ಕರೆದು ಸುತ್ತಾಡಿಸುವವರು ಎಷ್ಟು ಸಲ ಸಿಗುತ್ತಾರೆ? ಸಂಬಂಧ ಉಳಿಸುವುದು ಪುಣ್ಯದ ಕೆಲಸ ಎಂದು ಹೊರಟೆ.

ಶನಿವಾರ. ಶೋರೂಮಿನ ತುಂಬ ದೇವಸ್ಥಾನದಿಂದ ಬಂದ ಗಿರಾಕಿಗಳು. ಅಮರೇಶ್ವರ ಬಾಗಿಲಲ್ಲೇ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಓಹೋ, ಬರಿಸಿದವ್ರೂ ಬಂದಾರ,” ಎಂದರು.

“ಅವರಿಗೆ ಬರೆಸೋ ಶಕ್ತಿ ನನಗಿದ್ರೆ ನನ್ನ ಬಗ್ಗೆ ಬರೆಸಿಕೊಳ್ತಿದ್ದೆ ಅಮರೇಶ್ವರ ಅವ್ರೇ,” ಎಂದೆ. ಪೂರ್ತಿ ನಂಬಲಿಲ್ಲ. ಆದರೆ ಚಹಾ ತರಿಸಿದರು.

ವಿಜಿಯವರು ಕೈಚೀಲದಿಂದ ಅರಿಶಿನದ ಬಟ್ಟಲು ತೆಗೆದರು. “ಬೀಗರ ಅಂಗಡಿಗೆ ಮೊದಲನೇ ಸಲ ಬಂದಿದೀನಿ. ಶುಭಕ್ಕೆ ಸ್ವಲ್ಪ ಅರಿಶಿನ ಮುಟ್ಟಿಸ್ಲಾ?”

ಗಿರಾಕಿಗಳೆದುರಿಗೆ ಅರಿಶಿನ ಬೇಡವೆನ್ನುವ ವ್ಯಾಪಾರಿ ಈ ಭೂಮಿಯ ಮೇಲೆ ಹುಟ್ಟಿಲ್ಲ. ಅಮರೇಶ್ವರ ಹಲ್ಲು ಕಚ್ಚಿಕೊಂಡು ನಕ್ಕು, ಬಟ್ಟೆಯ ನಮೂನೆ ತುಂಡುಗಳನ್ನು ತಾವೇ ತಂದು ಮೇಜಿನ ಮೇಲೆ ಇಟ್ಟರು. ವಿಜಿಯವರು ಹಚ್ಚುವುದು, ಸ್ವಲ್ಪ ಬಿಟ್ಟು ಒದ್ದೆ ಪೇಪರ್ ಟವಲಿನಿಂದ ಒರೆಸುವುದು. ಹಳದಿ ಮಾಯ. ಮತ್ತೊಂದು ತುಂಡು, ಮಾಯ. ಇನ್ನೊಂದು, ಅದೂ ಮಾಯ. ಇದೇನೋ ಪೂಜೆ ಎಂದುಕೊಂಡ ಒಬ್ಬ ಹೆಂಗಸು ತಾನು ಆಗಷ್ಟೇ ಕೊಂಡ ಸೂಟನ್ನು ಹಿಡಿದುಕೊಂಡು ಬಂದು, “ಆಂಟಿ, ನಮ್ಮದಕ್ಕೂ,” ಎಂದಳು. ವಿಜಿಯವರು ಅದಕ್ಕೂ ಹಚ್ಚಿ, ಹರಸಿ, ಒರೆಸಿ ಕಳಿಸಿದರು.

“ಕಲೆ ಹೋಗತೈತಿ ಅಂದ್ರ ಛಲೋ ಆತಲ್ರೀ!” ಎಂದರು ಅಮರೇಶ್ವರ. ಹಟಕ್ಕೆ ಅಂದ ಮಾತದು. ಆದರೆ ಅಂದ ಮೇಲೆ ಅವರು ಒರೆಸಿದ ತುಂಡೊಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಆ ನೋಟ ನನಗೆ ಚೆನ್ನಾಗಿ ಗೊತ್ತು, ವ್ಯಾಪಾರಿಯ ತಲೆಯಲ್ಲಿ ಏನೋ ಹೊಳೆದಾಗ ಬರುವಂಥದ್ದು. ನನಗೆ ಆಗಲೇ ಸ್ವಲ್ಪ ಭಯವಾಯಿತು.

ವಿಜಿಯವರು ಅಲ್ಲಿಗೇ ನಿಲ್ಲಿಸಿದ್ದರೆ ಗೆದ್ದು ಮನೆಗೆ ಹೋಗುತ್ತಿದ್ದರು. ಟೆಸ್ಟಿಂಗಿನವರು ನಿಲ್ಲಿಸುವುದಿಲ್ಲ. ಶೋರೂಮು ಮುಗಿಸಿ ಗೋದಾಮಿನ ಹಿಂಭಾಗಕ್ಕೆ ನಡೆದರು. ಅಲ್ಲಿ ಪೆಟ್ಟಿಗೆಗಳ ಹಿಂದೆ, ಪ್ಲಾಸ್ಟಿಕ್ ಹೊದಿಸಿ, ಸುತ್ತಿಟ್ಟ ಬಟ್ಟೆಯ ಕೆಲವು ಹಳೆಯ ಥಾನುಗಳು ಬಿದ್ದಿದ್ದವು. ವಿಜಿಯವರು ಒಂದರ ತುದಿಗೆ ಅರಿಶಿನ ಹಚ್ಚಿ ಒರೆಸಿದರು. ಹೋಗಲಿಲ್ಲ. ಮತ್ತೆ ಒರೆಸಿದರು. ಇನ್ನೂ ಹಳದಿ. ಬಟ್ಟೆಯನ್ನು ಬೆರಳಿನ ನಡುವೆ ಹಿಡಿದು ಕಣ್ಣು ಮುಚ್ಚಿದರು. ಆಮೇಲೆ ಥಾನು ಬಿಚ್ಚಿ ಅಂಚು ನೋಡಿದರು. ಅಂಚಿನುದ್ದಕ್ಕೂ ಬಿಯೆಲ್ಲಾದ ಮಿಲ್ಲಿನ ಹೆಸರನ್ನು ನೇಯ್ದಿದ್ದರು. ಹೊಲಿದು ಅಂಟಿಸಿದ್ದಲ್ಲ, ಬಟ್ಟೆಯ ಜೊತೆಗೇ ಹುಟ್ಟಿದ್ದು.

“ಇದು ಎಲ್ಲಿಂದ ಬಂತು?” ಎಂದರು, ಸಣ್ಣ ಧ್ವನಿಯಲ್ಲಿ.

“ಟ್ರೆಂಟನ್‌ದಾಗ ಟೋನಿ ಅಂತ ಒಬ್ಬ ಮುದುಕ ಟೇಲರ್ ಇದ್ದ, ಇಟಲಿಯವ. ಅಂಗಡಿ ಮುಚ್ಚಿದಾಗ ಅವನ ಮಾಲೆಲ್ಲಾ ಎತ್ಕೊಂಡ್ ಬಂದೆ. ಹಳೇ ಮಾಲ್ರಿ, ಯಾರೂ ಕೇಳಂಗಿಲ್ಲ. ಹಿಂದ ಒಗದೀನಿ.”

ಇಟಲಿಯನ್ನು ಬೋರ್ಡಿಗೆ ಹಾಕಿ ಇಟಲಿಯ ಮಾಲನ್ನು ಹಿಂದೆ ಎಸೆದ ಮನುಷ್ಯ ಒಂದು ಕಡೆ, ಇಲ್ಲಿ ಇಟಲಿಯೇ ಇಲ್ಲವೆಂದು ಊರಿಗೆಲ್ಲ ಬರೆದ ಹೆಂಗಸು ಇನ್ನೊಂದು ಕಡೆ. ಇಬ್ಬರೂ ಆ ಥಾನನ್ನು ನೋಡುತ್ತಾ ನಿಂತರು. ಮೊದಲು ಚೇತರಿಸಿಕೊಂಡವರು ಅಮರೇಶ್ವರ.

“ಇಲ್ಲ ಅಂದಿದ್ರಿ?”

“ಇದೆ,” ಎಂದರು ವಿಜಿ.

ಆ ಥಾನುಗಳಿಗೆ ನಾನು ಅಲ್ಲೇ ಒಂದು ಬೆಲೆ ಹೇಳಬಹುದಿತ್ತು, ಸಂದರ್ಭ ಸರಿಯಿರಲಿಲ್ಲ. ಮರುದಿನ ಫೋನ್ ಮಾಡುವಷ್ಟರಲ್ಲಿ ವಿಷಯ ಬ್ಲಾಗಿಗೆ ಬಂದು ಬೆಲೆ ನನ್ನ ಕೈಮೀರಿತ್ತು. ವಿಜಿಯವರು ಆ ಸಂಜೆಯೇ, ಹಳೆಯ ವಾಕ್ಯದ ಮೇಲೆ ಎಲ್ಲರಿಗೂ ಕಾಣುವಂತೆ ಗೆರೆ ಎಳೆದು, ಲೇಖನದ ತಲೆಯ ಮೇಲೆ ಬರೆದಿದ್ದರು: “ಒಂದು ಸೂಟು ನೋಡಿ ಇಡೀ ಗೋದಾಮಿನ ಬಗ್ಗೆ ಬರೆದೆ. ತಪ್ಪು. ಗೋದಾಮಿನ ಹಿಂದೆ ಅಪ್ಪಟ ಬಿಯೆಲ್ಲಾ ಇದೆ. ನನ್ನನ್ನು ತಿದ್ದುವವರು ಇಲ್ಲಿ ಯಾರೂ ಇಲ್ಲ, ಅದಕ್ಕೇ ನಾನೇ ತಿದ್ದಿಕೊಳ್ಳಬೇಕು. ಸೂಟಿನ ಬಗ್ಗೆ ಬರೆದದ್ದು ಹಾಗೆಯೇ ಇರುತ್ತದೆ.”

ಹಾಗೆಯೇ ಇರುತ್ತದೆ ಎನ್ನುವುದೇ ತೊಂದರೆ. ಮುಂದಿನ ಭಾನುವಾರ ಅಮರೇಶ್ವರ ಪಿಸ್ಕಾಟವೇಯ ವಿಜಿಯವರ ಮನೆಗೆ ಬಂದರು. ಮಧ್ಯಸ್ಥನೆಂಬ ಹೆಸರು ಬಿದ್ದ ಮೇಲೆ ನಾನೂ ಹೋಗಬೇಕಾಯಿತು. ಅವಲಕ್ಕಿ ಒಗ್ಗರಣೆ ಬಿಸಿಯಾಗಿತ್ತು, ಯಾರೂ ಮುಟ್ಟಲಿಲ್ಲ. ನಾನು ಸ್ವಲ್ಪ ಮುಟ್ಟಿದೆ.

“ಅರ್ಧ ತಿದ್ದೀರಿ. ಪೂರ್ತಿ ತಗದುಬಿಡ್ರಿ ಅಕ್ಕಾರ, ನಿಮ್ ಕೈ ಮುಗಿತೀನಿ,” ಎಂದರು ಅಮರೇಶ್ವರ. “ನನ್ ಮಗಳ ಮದುವಿ. ಮಂಟಪದಾಗ ನಾ ಕುಂತ್ರ ಮಂದಿ ನನ್ ಮುಖ ನೋಡಂಗಿಲ್ಲ, ನನ್ ಸೂಟು ನೋಡ್ತಾರ.”

“ನನ್ ಕೈಲಾಗಲ್ಲ ಬೀಗರೇ. ಸುಳ್ಳಾಗಿದ್ದನ್ನ ಹೊಡೆದುಹಾಕಿದೀನಿ. ನಿಜ ಇರೋದನ್ನ ಹೇಗೆ ತೆಗೀಲಿ? ನಾಳೆ ಇನ್ನೊಬ್ಬರ ಅಂಗಡಿ ಬಗ್ಗೆ ಬರೆದ್ರೆ ಯಾರಾದ್ರೂ ನಂಬ್ತಾರಾ?”

“ಅಂದ್ರ ನೀವು ಬೇಕಾದ್ದು ಬರೀತೀರಿ, ನಾ ಬಾಯಿ ಮುಚ್ಕೊಂಡು ಕೂಡಬೇಕೇನು?”

“ಯಾರಂದ್ರು? ನೀವೂ ಬರೀರಿ. ನನ್ನ ಬ್ಲಾಗಲ್ಲೇ ಹಾಕ್ತೀನಿ. ಏನ್ ಬೇಕಾದ್ರೂ ಬರೀರಿ, ಒಂದಕ್ಷರ ಮುಟ್ಟಲ್ಲ.”

ಅಮರೇಶ್ವರ ಈ ಸರಕನ್ನು ನಿರೀಕ್ಷಿಸಿರಲಿಲ್ಲ. ತಿರುಗಿಸಿ ಮುರುಗಿಸಿ ನೋಡಿದರು. “ನನಗ ಕನ್ನಡ ಟೈಪ್ ಮಾಡಾಕ ಬರಂಗಿಲ್ಲ,” ಎಂದರು.

“ನಾನ್ ಮಾಡ್ತೀನಿ!” ಎಂದು ಮೂಲೆಯಿಂದ ಒಂದು ಧ್ವನಿ ಬಂತು. ನಂಜುಂಡಸ್ವಾಮಿಯವರು. ಅವರು ಅಷ್ಟು ಚುರುಕಾಗಿ ಕುರ್ಚಿಯಿಂದ ಎದ್ದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಬೀಗರಿಬ್ಬರೂ ಲ್ಯಾಪ್‌ಟಾಪು ಹಿಡಿದು ಬೇಸ್‌ಮೆಂಟಿಗೆ ಇಳಿದರು. ಮೊದಲು ಗಟ್ಟಿಯಾಗಿ ಹೇಳಿ ಬರೆಸುವ ಸದ್ದು ಕೇಳಿತು. ಆಮೇಲೆ ಪಿಸುಮಾತು. ಆಮೇಲೆ ನಗು, ಒಬ್ಬರದಲ್ಲ, ಇಬ್ಬರದು. ವಿಜಿಯವರು ನನಗೆ ಎರಡನೇ ಸಲ ಕಾಫಿ ಕೊಟ್ಟು ಮೆಟ್ಟಿಲ ಕಡೆಯೇ ನೋಡುತ್ತಿದ್ದರು.

ಮೇಲೆ ಬಂದ ಬರಹವನ್ನು ನಾನೂ ಅಲ್ಲೇ ಓದಿದೆ. ಹಿಂದಿದ್ದ ಇಟಲಿಯನ್ನು ಮುಂದೆ ತಂದಿಟ್ಟಿದ್ದೇನೆ, ಮುಂದಿದ್ದ ಸೂಟಿನ ಲೇಬಲ್ಲು ಕಿತ್ತಿದ್ದೇನೆ ಎಂದು ಶುರು. ಆಮೇಲೆ: “ನಮ್ಮ ಮದುವ್ಯಾಗ ಸೂಟಿನ ಮ್ಯಾಲ ಏನ್ ಬೀಳತೈತಿ? ಸಾರು, ಸಾಂಬಾರು, ಅರಿಶಿಣ, ಕುಂಕುಮ, ಮಕ್ಕಳು. ಇಟಲಿ ಬಟ್ಟಿ ಕಲೆ ಹಿಡದ್ರ ಬಿಡಂಗಿಲ್ಲ. ನಂದು ಬಿಡತೈತಿ, ವಾಷಿಂಗ್ ಮಷೀನಿಗೆ ಹಾಕ್ರಿ. ಇದನ್ನ ಎಲ್ಲಾರ ಮುಂದ ಹಚ್ಚಿ, ಒರಿಸಿ, ಪರೀಕ್ಷಾ ಮಾಡಿ ಕೊಟ್ಟ ನಮ್ಮ ಬೀಗ್ತಿಗೆ ಶರಣು.” ನನ್ನ ಭಯ ನಿಜವಾಗಿತ್ತು. ಸೋಲನ್ನೇ ಮಡಿಸಿ ಇಸ್ತ್ರಿ ಮಾಡಿ ಮಾರಾಟಕ್ಕೆ ಇಟ್ಟಿದ್ದ, ಪುಣ್ಯಾತ್ಮ.

ವಿಜಿಯವರು ಕನ್ನಡಕ ಏರಿಸಿಕೊಂಡು ಕೊನೆಯವರೆಗೆ ಓದಿದರು. ಕೊನೆಯ ಸಾಲಿನ ಮೇಲೆ ಬೆರಳು ನಿಂತಿತು. “ನಮ್ಮ ಬೀಗ್ತಿ ಬಟ್ಟಿ ಮುಟ್ಟಿದ್ರ ಒಂದೊಂದು ಎಳಿ ತಿಳೀತೈತಿ. ಆದ್ರ ಅವರ ತಪ್ಪು ತೋರಿಸಾಕ ಮನ್ಯಾಗಿದ್ದವರಿಗೆ ಇಷ್ಟು ವರ್ಷ ಧೈರ್ಯ ಸಾಲಲಿಲ್ಲ.”

“ಈ ಸಾಲು ಬೀಗರದ್ದೋ, ನಿಮ್ಮದೋ?” ಎಂದು ಗಂಡನನ್ನು ಕೇಳಿದರು.

ನಂಜುಂಡಸ್ವಾಮಿಯವರು ಕಿಟಕಿಯಾಚೆಗೆ ಏನನ್ನೋ ಕಂಡವರಂತೆ, “ನಾನ್ ಬರೀ ಟೈಪ್ ಮಾಡ್ದೋನು,” ಎಂದರು.

“ಅಕ್ಕಾರ, ಕೆಳಗ ಹೆಸರು ನಂದೈತಿ. ಮಾಲೂ ನಂದ,” ಎಂದರು ಅಮರೇಶ್ವರ, ಗಿರಾಕಿಯ ಮುಂದೆ ಸರಕನ್ನು ಬಿಟ್ಟುಕೊಡದ ವ್ಯಾಪಾರಿಯ ನಿಷ್ಠೆಯಿಂದ.

“ಗೊತ್ತು ಬಿಡಿ. ಲೇಬಲ್ ಒಬ್ಬರದ್ದು, ಮಾಲು ಇನ್ನೊಬ್ಬರದ್ದು. ನಿಮ್ಮ ಅಂಗಡಿ ಪದ್ಧತಿ,” ಎಂದರು ವಿಜಿ. ಅಮರೇಶ್ವರ ಟೇಬಲ್ ಕುಟ್ಟಿ ನಕ್ಕರು. ವಿಜಿಯವರು ಒಂದಕ್ಷರವನ್ನೂ ಬದಲಿಸದೆ, ಕೊನೆಯ ಸಾಲಿನ ಸಮೇತ, ನಮ್ಮೆಲ್ಲರ ಎದುರಿಗೇ ಪ್ರಕಟಿಸಿದರು. ಪ್ರಕಟವಾಗುವ ಮುಂಚೆ ಅವರ ಬ್ಲಾಗಿನ ಬರಹ ನೋಡಿದ ಭಾಗ್ಯ ನನ್ನದು. ಆದರೆ ಬರೆದವರು ಅವರಲ್ಲವಲ್ಲ.

ಎಡಿಸನ್‌ನಿಂದ ಕ್ವೀನ್ಸ್‌ವರೆಗೆ ತಾಯಂದಿರೆಲ್ಲ ಈಗ ವಾಷಿಂಗ್ ಮಷೀನಿನ ಸೂಟು ಕೇಳಿಕೊಂಡು ರಾಬಿನ್ಸ್‌ವಿಲ್‌ಗೆ ಡ್ರೈವ್ ಮಾಡುತ್ತಾರೆ. ನನ್ನ ಅಂಗಡಿಗೆ ಬಂದು, “ಅಂಕಲ್, ನಿಮ್ಮಲ್ಲಿ ಬರೀ ಉಣ್ಣೇದೇನಾ?” ಎಂದು ಕನಿಕರದಿಂದ ಕೇಳುತ್ತಾರೆ.

ಮದುವೆ ಚೆನ್ನಾಗಿ ಆಯಿತು. ಅಮರೇಶ್ವರ ಲೇಬಲ್ಲು ಕಿತ್ತ ಸೂಟಿನಲ್ಲಿ ಮಗಳ ಪಕ್ಕದಲ್ಲಿ ನಿಂತರು. ಪುರೋಹಿತರು ತಂಬಿಗೆ ಕೈಗೆ ಕೊಟ್ಟಾಗ, ಧಾರೆ ಎರೆಯುವ ಮುಂಚೆ, ಬೀಗಿತ್ತಿಯ ಕಡೆ ಬಗ್ಗಿ ಮೆಲ್ಲಗೆ ಕೇಳಿದ್ದು ನನಗೂ ಕೇಳಿಸಿತು.

“ಅಕ್ಕಾರ, ನಾ ಬರದಿದ್ದು ಎಷ್ಟ್ ಮಂದಿ ಓದ್ಯಾರ?”

ವಿಜಿಯವರಿಗೆ ಹೇಳಲು ಮನಸ್ಸಿರಲಿಲ್ಲ. ಆದರೂ ಹೇಳಿದರು.

“ನಂದಕ್ಕಿಂತ ಜಾಸ್ತಿ. ನೀರು ಬಿಡಿ.”